ವರ್ಡ್‌ನಲ್ಲೇ ಡಿಜಿಟಲ್ ಸ್ಕ್ರ್ಯಾಪ್‌ಬುಕ್: ಫೋಟೋ ಜಾರದ ಹಾಗೆ ಪುಟ ಕಟ್ಟುವುದು ಹೇಗೆ?

ಹಳೇಪತ್ರ

ಎಲ್ಲರಿಗೂ ನಮಸ್ಕಾರ. ಅಜ್ಜಿಯ ಕಾಗದಗಳು, ಹಳೇ ಫೋಟೋಗಳು, ಅವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹಾಡುಗಳು, ಇಷ್ಟನ್ನೂ ಸೇರಿಸಿ ಒಂದು ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ವರ್ಡ್ ಇದೆ. ಹೊಸ ಸಾಫ್ಟ್‌ವೇರ್ ಕಲಿಯುವಷ್ಟು ಸಮಯ ಇಲ್ಲ. ಅದೂ ಅಲ್ಲದೆ ಈ ಪುಸ್ತಕದಲ್ಲಿ ಫೋಟೋಗಿಂತ ಬರವಣಿಗೆಯೇ ಜಾಸ್ತಿ ಇರುತ್ತದೆ. ಹಾಗಾಗಿ ವರ್ಡ್ ಬಿಟ್ಟು ಬೇರೆ ಕಡೆ ಹೋಗುವ ಮನಸ್ಸಿಲ್ಲ.

ತೊಂದರೆ ಏನೆಂದರೆ, ಒಂದು ಪುಟದಲ್ಲಿ ನಾಲ್ಕು ಫೋಟೋ ಚೆಂದವಾಗಿ ಜೋಡಿಸಿ ಮೇಲೆ ಎರಡು ಸಾಲು ಬರೆದರೆ ಸಾಕು, ಕೆಳಗಿನ ಫೋಟೋ ಮುಂದಿನ ಪುಟಕ್ಕೆ ಹಾರುತ್ತದೆ. ಕೆಲವು ಸಲ ಒಂದು ಪ್ಯಾರಾ ಅಳಿಸಿದರೆ ಅದರ ಜೊತೆ ಫೋಟೋನೂ ಹೋಗುತ್ತದೆ. ಪುಟಕ್ಕೆ ಹಾಕಿದ ಬಣ್ಣ ಸ್ಕ್ರೀನಿನಲ್ಲಿ ಕಾಣುತ್ತದೆ, ಪ್ರಿಂಟ್‌ನಲ್ಲಿ ಬರುವುದಿಲ್ಲ. ಕೊನೆಗೆ ಪಿಡಿಎಫ್ ಮಾಡಿ ಮನೆಯವರಿಗೆಲ್ಲ ಕಳಿಸಬೇಕು, ಒಂದೆರಡು ಪ್ರತಿ ಅಚ್ಚು ಹಾಕಿಸಬೇಕು. ಮಾಡಿ ಅನುಭವ ಇರುವವರು ದಯವಿಟ್ಟು ಮೊದಲಿನಿಂದ ಹೇಳಿ.

ಚೌಕಟ್ಟು

ಹಳೇಪತ್ರ ಅವರೇ, ಫೋಟೋ ಯಾಕೆ ಜಾರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ವರ್ಡ್‌ಗೆ ಪುಟ ಅನ್ನುವುದು ಮುಖ್ಯ ಅಲ್ಲ, ಪ್ಯಾರಾ ಮುಖ್ಯ. ನೀವು ಹಾಕುವ ಪ್ರತಿ ಫೋಟೋ ಯಾವುದೋ ಒಂದು ಪ್ಯಾರಾಗೆ ಸೇರಿರುತ್ತದೆ. ಮಾಮೂಲಾಗಿ ಫೋಟೋ ಹಾಕಿದಾಗ ಅದು 'ಇನ್ ಲೈನ್ ವಿತ್ ಟೆಕ್ಸ್ಟ್' ಆಗಿ ಕೂರುತ್ತದೆ. ಅಂದರೆ ವರ್ಡ್ ಅದನ್ನು ಒಂದು ದೊಡ್ಡ ಅಕ್ಷರ ಅಂತಲೇ ತಿಳಿಯುತ್ತದೆ. ಮೇಲೆ ಸಾಲು ಜಾಸ್ತಿಯಾದರೆ ಅಕ್ಷರ ಕೆಳಗೆ ಹೋಗುವಂತೆ ಫೋಟೋನೂ ಹೋಗುತ್ತದೆ.

'ಸ್ಕ್ವೇರ್', 'ಟೈಟ್', 'ಬಿಹೈಂಡ್ ಟೆಕ್ಸ್ಟ್', 'ಇನ್ ಫ್ರಂಟ್ ಆಫ್ ಟೆಕ್ಸ್ಟ್' ಅಂತ ಬದಲಾಯಿಸಿದರೆ ಫೋಟೋ ತೇಲುತ್ತದೆ. ಆದರೆ ಆಗಲೂ ಅದಕ್ಕೊಂದು ಆಂಕರ್ ಇರುತ್ತದೆ. ಹೋಮ್ ಟ್ಯಾಬ್‌ನಲ್ಲಿ ಪ್ಯಾರಾ ಗುರುತು ತೋರಿಸುವ ಬಟನ್ ಒತ್ತಿ, ಫೋಟೋ ಮೇಲೆ ಕ್ಲಿಕ್ ಮಾಡಿ. ಪಕ್ಕದಲ್ಲಿ ಚಿಕ್ಕ ಲಂಗರಿನ ಗುರುತು ಕಾಣುತ್ತದೆ. ಆ ಲಂಗರು ಯಾವ ಪ್ಯಾರಾ ಪಕ್ಕ ಇದೆಯೋ ಫೋಟೋ ಅದರದ್ದು. ಆ ಪ್ಯಾರಾ ಪೂರ್ತಿ ಅಳಿಸಿದರೆ ಫೋಟೋ ಹೋಗುತ್ತದೆ. ನಿಮಗೆ ಆಗಿದ್ದು ಇದೇ. ಲಂಗರನ್ನು ಎಳೆದು ಆ ಪುಟದ ಶೀರ್ಷಿಕೆಯ ಪಕ್ಕಕ್ಕೆ ತಂದಿಡಿ. ಶೀರ್ಷಿಕೆಯನ್ನು ಯಾರೂ ಸುಮ್ಮಸುಮ್ಮನೆ ಅಳಿಸುವುದಿಲ್ಲ, ಅದು ಪಕ್ಕದ ಪುಟಕ್ಕೂ ಹೋಗುವುದಿಲ್ಲ. ಆಮೇಲೆ ಲೇಔಟ್ ಆಪ್ಷನ್ಸ್‌ನಲ್ಲಿ 'ಫಿಕ್ಸ್ ಪೊಸಿಷನ್ ಆನ್ ಪೇಜ್' ಆರಿಸಿ. ಒಂದು ಪುಟ ಮುಗಿದು ಇನ್ನೊಂದಕ್ಕೆ ಹೋಗುವಾಗ ಎಂಟರ್ ಒತ್ತುತ್ತಾ ಹೋಗಬೇಡಿ, ಕಂಟ್ರೋಲ್ ಹಿಡಿದು ಎಂಟರ್ ಒತ್ತಿ. ಅದು ಪೇಜ್ ಬ್ರೇಕ್. ಹಿಂದಿನ ಪುಟದ ತುಂಬಿದ ಸಾಲುಗಳು ಮುಂದಿನ ಪುಟವನ್ನು ತಳ್ಳದಿರಲು ಇದು ಸುಲಭದ ದಾರಿ.

ಇಷ್ಟು ಹೇಳಿದ ಮೇಲೂ ನಾನು ಎಲ್ಲ ಫೋಟೋಗಳನ್ನು ತೇಲಿಬಿಡಿ ಅಂತ ಹೇಳುವುದಿಲ್ಲ. ನನ್ನ ಪ್ರಕಾರ ಸ್ಕ್ರ್ಯಾಪ್‌ಬುಕ್ ಪುಟಕ್ಕೆ ಗಟ್ಟಿ ಬುನಾದಿ ಅಂದರೆ ಟೇಬಲ್. ಗೆರೆ ಕಾಣದ ಟೇಬಲ್.

ಎರಡು ಕಾಲಮ್, ಮೂರು ಸಾಲಿನ ಟೇಬಲ್ ಹಾಕಿ. ಮೇಲಿನ ಎರಡು ಖಾನೆ ಸೇರಿಸಿ ಒಂದು ಮಾಡಿ, ಅದು ಶೀರ್ಷಿಕೆಗೆ. ಮಧ್ಯದ ಎಡಕ್ಕೆ ದೊಡ್ಡ ಫೋಟೋ, ಬಲಕ್ಕೆ ಕಥೆ. ಕೆಳಗೆ ಚಿಕ್ಕ ಫೋಟೋ ಮತ್ತು ಅದರ ಅಡಿಬರಹ. ಟೇಬಲ್ ಪ್ರಾಪರ್ಟೀಸ್‌ಗೆ ಹೋಗಿ ಆಪ್ಷನ್ಸ್ ಒಳಗೆ 'ಆಟೋಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್' ಅನ್ನುವುದರ ಟಿಕ್ ತೆಗೆಯಿರಿ. ಇದನ್ನು ಬಿಟ್ಟರೆ ದೊಡ್ಡ ಫೋಟೋ ಹಾಕಿದ ತಕ್ಷಣ ಕಾಲಮ್ ಹಿಗ್ಗಿ ಪಕ್ಕದ ಕಾಲಮ್ ಕುಗ್ಗುತ್ತದೆ. ಖಾನೆಗಳ ಮಧ್ಯೆ ಬಿಳಿ ಜಾಗ ಬೇಕಿದ್ದರೆ ಅಲ್ಲೇ ಸೆಲ್ ಮಾರ್ಜಿನ್ ಕೂಡ ಇದೆ. ಕೊನೆಗೆ ಬಾರ್ಡರ್ ತೆಗೆದುಬಿಡಿ. ಓದುವವರಿಗೆ ಟೇಬಲ್ ಇದೆ ಅಂತಲೇ ತಿಳಿಯುವುದಿಲ್ಲ. ಫೋಟೋ ಮಾತ್ರ ಇಟ್ಟ ಜಾಗದಲ್ಲೇ ಇರುತ್ತದೆ.

ಬಣ್ಣದಕಾಗದ

ಟೇಬಲ್‌ನಲ್ಲಿ ಮಾಡಿದ ಪುಟ ಆಫೀಸಿನ ವರದಿ ಥರ ಕಾಣುತ್ತದೆ ಅಲ್ವಾ? ಸ್ಕ್ರ್ಯಾಪ್‌ಬುಕ್ ಅಂದಮೇಲೆ ಒಂದು ಫೋಟೋ ಇನ್ನೊಂದರ ಮೇಲೆ ಸ್ವಲ್ಪ ಹತ್ತಿರಬೇಕು, ಒಂಚೂರು ಓರೆಯಾಗಿರಬೇಕು. ಕೈಯಲ್ಲಿ ಅಂಟಿಸಿದ ಹಾಗೆ ಕಾಣದಿದ್ದರೆ ಅದಕ್ಕೆ ಆಲ್ಬಮ್ ಅನ್ನಬಹುದು ಅಷ್ಟೇ.

ನಾನು ಎಲ್ಲವನ್ನೂ ತೇಲಿಸಿಯೇ ಮಾಡುತ್ತೇನೆ. ಪ್ರತಿ ಫೋಟೋಗೂ ಸೆಟ್ಟಿಂಗ್ ಬದಲಾಯಿಸುವ ಕಷ್ಟ ಬೇಡ ಅಂದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ಗೆ ಹೋಗಿ. ಅಲ್ಲಿ 'ಇನ್ಸರ್ಟ್/ಪೇಸ್ಟ್ ಪಿಕ್ಚರ್ಸ್ ಆ್ಯಸ್' ಅಂತ ಇದೆ. 'ಇನ್ ಫ್ರಂಟ್ ಆಫ್ ಟೆಕ್ಸ್ಟ್' ಆರಿಸಿಟ್ಟರೆ ಹೊಸ ಫೋಟೋಗಳೆಲ್ಲ ಹಾಗೇ ಬರುತ್ತವೆ. ಒಂದರ ಕೆಳಗೆ ಇನ್ನೊಂದು ಮುಚ್ಚಿಹೋದಾಗ ಹುಡುಕಲು ಆಲ್ಟ್ ಹಿಡಿದು ಎಫ್10 ಒತ್ತಿ. ಸೆಲೆಕ್ಷನ್ ಪೇನ್ ತೆರೆಯುತ್ತದೆ. ಆ ಪುಟದಲ್ಲಿರುವ ತೇಲುವ ವಸ್ತುಗಳ ಪಟ್ಟಿ ಅಲ್ಲಿರುತ್ತದೆ. 'ಪಿಕ್ಚರ್ 14' ಅನ್ನುವ ಹೆಸರನ್ನು 'ಮದುವೆ ದೊಡ್ಡ ಫೋಟೋ' ಅಂತ ಬದಲಾಯಿಸಿಕೊಳ್ಳಬಹುದು, ಮೇಲೆ ಕೆಳಗೆ ಮಾಡಬಹುದು, ಬೇಡವಾದದ್ದನ್ನು ಸ್ವಲ್ಪ ಹೊತ್ತು ಮರೆ ಮಾಡಬಹುದು.

ಫೋಟೋಗೆ ಬಿಳಿ ಅಂಚು, ಮೆಲ್ಲನೆ ನೆರಳು, ಎರಡು ಮೂರು ಡಿಗ್ರಿ ತಿರುವು. ಇಷ್ಟು ಸಾಕು. ನೆರಳು ಮಾತ್ರ ಎಲ್ಲ ಫೋಟೋಗೂ ಒಂದೇ ದಿಕ್ಕಿಗೆ ಬೀಳಲಿ. ಒಂದು ಫೋಟೋಗೆ ಸರಿಯಾಗಿ ಮಾಡಿಕೊಂಡು, ಫಾರ್ಮ್ಯಾಟ್ ಪೇಂಟರ್‌ನಿಂದ ಉಳಿದವಕ್ಕೆ ಬಳಿದರೆ ಆಯಿತು. ಎಲ್ಲ ಜೋಡಿಸಿ ಮುಗಿದ ಮೇಲೆ ಕಂಟ್ರೋಲ್ ಹಿಡಿದು ಒಂದೊಂದೇ ಆರಿಸಿ ಗ್ರೂಪ್ ಮಾಡಿ. ಆಮೇಲೆ ಎಲ್ಲವೂ ಒಟ್ಟಿಗೆ ಅಲುಗುತ್ತವೆ, ಆಂಕರ್ ಕೂಡ ಒಂದೇ.

ಪುಟದ ಬಣ್ಣದ ವಿಷಯ: ಡಿಸೈನ್ ಟ್ಯಾಬ್‌ನ ಪೇಜ್ ಕಲರ್ ಮಾಮೂಲಾಗಿ ಪ್ರಿಂಟ್ ಆಗುವುದಿಲ್ಲ. ಫೈಲ್, ಆಪ್ಷನ್ಸ್, ಡಿಸ್‌ಪ್ಲೇ ಒಳಗೆ 'ಪ್ರಿಂಟ್ ಬ್ಯಾಕ್‌ಗ್ರೌಂಡ್ ಕಲರ್ಸ್ ಅಂಡ್ ಇಮೇಜಸ್' ಟಿಕ್ ಮಾಡಬೇಕು. ನನಗೆ ಇನ್ನೂ ಇಷ್ಟವಾದ ದಾರಿ ಬೇರೆ. ಹೆಡರ್ ಮೇಲೆ ಡಬಲ್ ಕ್ಲಿಕ್ ಮಾಡಿ, ಕಾಗದದ ಟೆಕ್ಸ್ಚರ್ ಇರುವ ಚಿತ್ರ ಹಾಕಿ, 'ಬಿಹೈಂಡ್ ಟೆಕ್ಸ್ಟ್' ಮಾಡಿ ಪುಟದಷ್ಟು ಹಿಗ್ಗಿಸಿ. ಹೆಡರ್ ಒಳಗಿರುವುದು ನೀವು ಬರೆಯುವಾಗ ಕೈಗೆ ಸಿಗುವುದೇ ಇಲ್ಲ, ಹಾಗಾಗಿ ಜರುಗುವುದೂ ಇಲ್ಲ. ಬರೆಯುವಾಗ ಸ್ವಲ್ಪ ಮಂಕಾಗಿ ಕಾಣುತ್ತದೆ, ಗಾಬರಿ ಬೇಡ, ಪ್ರಿಂಟ್‌ನಲ್ಲಿ ಸರಿಯಾದ ಬಣ್ಣ ಬರುತ್ತದೆ. ಅಧ್ಯಾಯಕ್ಕೊಂದು ಬಣ್ಣ ಬೇಕಿದ್ದರೆ ಸೆಕ್ಷನ್ ಬ್ರೇಕ್ ಹಾಕಿ, ಹೆಡರ್‌ನಲ್ಲಿ 'ಲಿಂಕ್ ಟು ಪ್ರೀವಿಯಸ್' ತೆಗೆಯಿರಿ.

ಅಂಟಿಸುವ ಕಷ್ಟ ಹೊಸದೇನೂ ಅಲ್ಲ ಬಿಡಿ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ತಾನೇ ಅಂಟಿಕೊಳ್ಳುವ ಸ್ಕ್ರ್ಯಾಪ್‌ಬುಕ್‌ಗೆ ಪೇಟೆಂಟ್ ಪಡೆದಿದ್ದರು. ಪುಟದ ಮೇಲೆ ಮೊದಲೇ ಗೋಂದು ಬಳಿದಿರುತ್ತಿತ್ತು, ಒದ್ದೆ ಮಾಡಿ ಚೀಟಿ ಅಂಟಿಸಿದರೆ ಆಯಿತು.

ಚೌಕಟ್ಟು

ಬಣ್ಣದಕಾಗದ ಅವರೇ, ಓರೆ ಫೋಟೋ ಚೆಂದ, ಒಪ್ಪುತ್ತೇನೆ. ಆದರೆ ಹಳೇಪತ್ರ ಅವರು ಮೊದಲ ಮಾತಿನಲ್ಲೇ ಬರವಣಿಗೆ ಜಾಸ್ತಿ ಅಂದಿದ್ದಾರೆ. ಅಜ್ಜಿಯ ಒಂದು ಕಾಗದದ ಹಿಂದಿನ ಕಥೆ ಎರಡು ಪುಟ ಹರಿಯಬಹುದು. ನಾಳೆ ಚಿಕ್ಕಪ್ಪ ಓದಿ ಇನ್ನೊಂದು ಪ್ಯಾರಾ ಸೇರಿಸಿ ಅನ್ನಬಹುದು. ತೇಲುವ ಫೋಟೋಗಳ ಪುಟ ಒಮ್ಮೆ ಜೋಡಿಸಿದ ಮೇಲೆ ಬದಲಾವಣೆ ತಡೆಯುವುದಿಲ್ಲ. ಹಾಗಾದಾಗ ಜನ ಏನು ಮಾಡುತ್ತಾರೆ ಗೊತ್ತಾ? ಪುಟ ಕೆಡುತ್ತದೆ ಅಂತ ಮಾತನ್ನೇ ಮೊಟಕು ಮಾಡುತ್ತಾರೆ. 'ಅಜ್ಜಿ, 1968' ಅಂತ ಎರಡು ಪದ ಬರೆದು ಬಿಡುತ್ತಾರೆ. ಇದು ನನಗೆ ತುಂಬಾ ಬೇಜಾರಿನ ವಿಷಯ. ಫೋಟೋದಲ್ಲಿ ಯಾರಿದ್ದಾರೆ, ಯಾರು ತೆಗೆದರು, ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಬರೆಯದಿದ್ದರೆ ಮುಂದಿನವರಿಗೆ ಆ ಫೋಟೋ ಯಾರದೋ ಮುಖ ಅಷ್ಟೇ. ಬರೆಯಲೆಂದೇ ಇರುವ ಸಾಫ್ಟ್‌ವೇರ್ ಕೈಯಲ್ಲಿದೆ. ಅದರಲ್ಲಿ ಬರವಣಿಗೆಗೇ ಜಾಗ ಇಲ್ಲದ ಹಾಗೆ ಮಾಡಬಾರದು.

ಅದಕ್ಕೇ ನಾನು ಹೇಳುವ ಕ್ರಮ ಇದು. ಮೊದಲು ಫೋಟೋನೇ ಹಾಕಬೇಡಿ. ಖಾಲಿ ಫೈಲ್‌ನಲ್ಲಿ ಪೂರ್ತಿ ಕಥೆ ಬರೆಯಿರಿ. ಫೋಟೋ ಬರುವ ಕಡೆ ಚೌಕದ ಕಂಸದಲ್ಲಿ ಫೈಲಿನ ಹೆಸರು ಹಾಕಿ. ಮನೆಯವರೆಲ್ಲ ಓದಿ ತಿದ್ದಿ ಮುಗಿಯಲಿ. ಹಲವರು ಒಟ್ಟಿಗೆ ಬರೆಯಬೇಕಿದ್ದರೆ ಈ ಹಂತವನ್ನು ಗೂಗಲ್ ಡಾಕ್ಸ್‌ನಲ್ಲಿ ಮಾಡಿದರೆ ಸುಲಭ, ಯಾರು ಏನು ಸೇರಿಸಿದರು ಅಂತ ವರ್ಷನ್ ಹಿಸ್ಟರಿಯಲ್ಲಿ ಸಿಗುತ್ತದೆ. ಆಮೇಲೆ ಟೇಬಲ್, ಆಮೇಲೆ ಫೋಟೋ, ಎಲ್ಲಕ್ಕಿಂತ ಕೊನೆಗೆ ನಿಮ್ಮ ಬಣ್ಣದ ಕಾಗದ, ಹೂವು, ಟೇಪಿನ ಚೂರು. ಆ ಕೊನೆಯ ಹಂತದಲ್ಲಿ ಪುಟಕ್ಕೆ ಒಂದೆರಡು ತೇಲುವ ಚಿತ್ರ ಇದ್ದರೆ ಯಾವ ತೊಂದರೆಯೂ ಇಲ್ಲ.

ಸ್ಲೈಡ್‌ಪುಟ

ಇಷ್ಟೆಲ್ಲ ಯಾಕೆ? ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಸೈಜ್ ಬದಲಾಯಿಸಿ ಮಾಡಿ. ಅಲ್ಲಿ ಆಂಕರ್ ಅನ್ನುವುದೇ ಇಲ್ಲ. ಇಟ್ಟಿದ್ದು ಇಟ್ಟ ಕಡೆ ಇರುತ್ತದೆ. ಪಿಡಿಎಫ್ ಕೂಡ ಆಗುತ್ತದೆ.

ಚೌಕಟ್ಟು

ಫೋಟೋ ಮಾತ್ರ ಇರುವ ಪುಸ್ತಕಕ್ಕೆ ಅದೇ ಒಳ್ಳೆಯದು, ನಾನೂ ಹಾಗೇ ಹೇಳುತ್ತೇನೆ. ಆದರೆ ಒಂದು ಸ್ಲೈಡ್‌ನಲ್ಲಿ ತುಂಬಿದ ಬರಹ ಮುಂದಿನ ಸ್ಲೈಡ್‌ಗೆ ತಾನಾಗಿ ಹರಿಯುವುದಿಲ್ಲ, ಕತ್ತರಿಸಿ ಅಂಟಿಸಬೇಕು. ಪರಿವಿಡಿ, ಅಡಿಟಿಪ್ಪಣಿ ಇವೆಲ್ಲ ಬೇಕಿದ್ದರೆ ವರ್ಡ್ ಥರದ್ದೇ ಸರಿ. ಅಧ್ಯಾಯದ ಹೆಸರುಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟಿದ್ದರೆ ಪರಿವಿಡಿ ತಾನೇ ಆಗುತ್ತದೆ. ಪಿಡಿಎಫ್ ಮಾಡುವಾಗ ಆಪ್ಷನ್ಸ್‌ನಲ್ಲಿ ಬುಕ್‌ಮಾರ್ಕ್ ಆರಿಸಿದರೆ ಓದುವವರು ಅಧ್ಯಾಯದ ಹೆಸರು ಒತ್ತಿ ನೇರ ಅಲ್ಲಿಗೆ ಹೋಗಬಹುದು.

ಮುಕ್ತಲಿಪಿ

ವರ್ಡ್ ಇಲ್ಲದವರಿಗೂ ಈ ಚರ್ಚೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಲಿಬ್ರೆಆಫೀಸ್ ರೈಟರ್ ಉಚಿತ, ಮತ್ತು ಈ ಕೆಲಸಕ್ಕೆ ಒಂದು ವಿಷಯದಲ್ಲಿ ವರ್ಡ್‌ಗಿಂತ ಮೇಲು. ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಆಂಕರ್‌ಗೆ ಹೋದರೆ 'ಟು ಪೇಜ್' ಅಂತ ಸಿಗುತ್ತದೆ. ಅಂದರೆ ಫೋಟೋ ಪ್ಯಾರಾಗೆ ಅಲ್ಲ, ಪುಟಕ್ಕೇ ಸೇರುತ್ತದೆ. ಬರಹ ಎಷ್ಟೇ ಜರುಗಿದರೂ ಏಳನೇ ಪುಟದ ಫೋಟೋ ಏಳನೇ ಪುಟದಲ್ಲೇ ಇರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಮಧ್ಯದಲ್ಲಿ ಹೊಸ ಪುಟ ಸೇರಿಸಿದರೆ ಬರಹ ಮುಂದೆ ಹೋಗುತ್ತದೆ, ಫೋಟೋ ಅಲ್ಲೇ ಉಳಿಯುತ್ತದೆ. ಹಾಗಾಗಿ ಪುಟಗಳ ಸಂಖ್ಯೆ ಗಟ್ಟಿಯಾದ ಮೇಲೆ ಇದನ್ನು ಬಳಸಿ. ಫೈಲನ್ನು ಲಿಬ್ರೆಆಫೀಸ್‌ನದೇ ಬಗೆಯಾದ ಒಡಿಟಿ (.odt) ಆಗಿಯೇ ಇಟ್ಟುಕೊಳ್ಳಿ, ವರ್ಡ್‌ನ ಡಾಕ್ಸ್‌ಗೆ (.docx) ಬದಲಾಯಿಸಿದರೆ ಈ ಆಂಕರ್ ಉಳಿಯುವುದಿಲ್ಲ. ಪಿಡಿಎಫ್ ಎಕ್ಸ್‌ಪೋರ್ಟ್‌ನಲ್ಲಿ 'ಹೈಬ್ರಿಡ್ ಪಿಡಿಎಫ್' ಅನ್ನುವ ಟಿಕ್ ಇದೆ. ಅದನ್ನು ಹಾಕಿದರೆ ತಿದ್ದಬಹುದಾದ ಮೂಲ ಫೈಲ್ ಪಿಡಿಎಫ್ ಒಳಗೇ ಕೂರುತ್ತದೆ. ಎಲ್ಲರೂ ಪಿಡಿಎಫ್ ಥರ ಓದಬಹುದು, ನೀವು ಲಿಬ್ರೆಆಫೀಸ್‌ನಲ್ಲಿ ತೆರೆದು ತಿದ್ದಬಹುದು. ಮನೆಯವರ ನಡುವೆ ಓಡಾಡುವ ಪುಸ್ತಕಕ್ಕೆ ಇದು ತುಂಬಾ ಅನುಕೂಲ.

ಹಳೇಪತ್ರ

ಎಲ್ಲರಿಗೂ ಧನ್ಯವಾದ. ಲಂಗರಿನ ಗುರುತು ನೋಡಿದ ಮೇಲೆ ಫೋಟೋ ಯಾಕೆ ಹಾರುತ್ತಿತ್ತು ಅಂತ ಅರ್ಥವಾಯಿತು. ಚೌಕಟ್ಟು ಅವರು ಹೇಳಿದಂತೆ ಮೊದಲು ಬರವಣಿಗೆ ಮುಗಿಸುತ್ತೇನೆ.

ಎರಡು ಪ್ರಶ್ನೆ. ಒಂದು, ಟೇಬಲ್ ಖಾನೆಯಲ್ಲಿ ಹಾಕಿದ ಒಂದು ಫೋಟೋದ ಕೆಳಗಿನ ತೆಳ್ಳನೆ ಪಟ್ಟಿ ಮಾತ್ರ ಕಾಣುತ್ತದೆ, ಉಳಿದದ್ದು ಮಾಯ. ಎರಡು, ಕನ್ನಡ ಅಕ್ಷರಗಳ ಒತ್ತು ಕೆಲವು ಕಡೆ ಕೆಳಗೆ ಕತ್ತರಿಸಿದ ಹಾಗಿದೆ. 'ಅಮ್ಮ' ಅನ್ನುವಲ್ಲಿ ಮಕಾರದ ಒತ್ತು ಅರ್ಧ ಮಾತ್ರ ಕಾಣುತ್ತದೆ.

ಒತ್ತಕ್ಷರ

ಎರಡಕ್ಕೂ ಕಾರಣ ಒಂದೇ. ನಿಮ್ಮ ಪ್ಯಾರಾದ ಲೈನ್ ಸ್ಪೇಸಿಂಗ್ 'ಎಕ್ಸಾಕ್ಟ್ಲಿ' ಅಂತ ಇರಬೇಕು, ನೋಡಿ. ಸಾಲಿನ ಎತ್ತರ 14 ಪಾಯಿಂಟ್ ಅಂತ ಗಟ್ಟಿ ಮಾಡಿದರೆ ಅದಕ್ಕಿಂತ ಎತ್ತರದ್ದೆಲ್ಲ ಕತ್ತರಿಸಿಹೋಗುತ್ತದೆ. ಇನ್‌ಲೈನ್ ಫೋಟೋ ವರ್ಡ್‌ಗೆ ಅಕ್ಷರವಾದ್ದರಿಂದ ಅದಕ್ಕೂ 14 ಪಾಯಿಂಟ್ ಜಾಗವೇ ಸಿಗುತ್ತದೆ. ಫೋಟೋ ಇರುವ ಪ್ಯಾರಾಗೆ 'ಸಿಂಗಲ್' ಕೊಡಿ, ಪೂರ್ತಿ ಕಾಣುತ್ತದೆ. ಬರಹಕ್ಕೆ 'ಮಲ್ಟಿಪಲ್' ಇಟ್ಟು 1.2 ಕೊಡಿ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ವಟ್ರಸುಳಿ ಎಲ್ಲ ಇರುವುದರಿಂದ ಇಂಗ್ಲಿಷ್‌ಗಿಂತ ಸಾಲಿನ ನಡುವೆ ಜಾಸ್ತಿ ಗಾಳಿ ಬೇಕು. ಶೀರ್ಷಿಕೆಯಲ್ಲಿ ಅಕ್ಷರ ದೊಡ್ಡದಾದಷ್ಟೂ ಇದು ಎದ್ದು ಕಾಣುತ್ತದೆ.

ಫಾಂಟ್ ಬಗ್ಗೆ ಇನ್ನೂ ಸ್ವಲ್ಪ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಬರಹ ಇದ್ದರೆ ಸ್ಕ್ರ್ಯಾಪ್‌ಬುಕ್‌ಗೆ ಹಾಗೇ ಹಾಕಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಪೂರ್ತಿ ಓದಿ, ಪರಿವರ್ತಕಗಳು ಅರ್ಕಾವತ್ತನ್ನು ಕೆಲವೊಮ್ಮೆ ಕೆಡಿಸುತ್ತವೆ.

ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಯುಐ ಇವೆ. ಓದುವ ಬರಹಕ್ಕೆ ನೋಟೋ ಸೆರಿಫ್ ಕನ್ನಡ ನನಗೆ ಇಷ್ಟ, ಶೀರ್ಷಿಕೆಗೆ ಬಾಲೂ ತಮ್ಮ ಥರದ ದುಂಡನೆಯದು. ಎರಡೂ ಉಚಿತ. ಎರಡಕ್ಕಿಂತ ಜಾಸ್ತಿ ಫಾಂಟ್ ಬೇಡ. ಫಾಂಟ್ ಬದಲಾಯಿಸಿದರೂ ಕನ್ನಡ ಬದಲಾಗದಿದ್ದರೆ ಕಂಟ್ರೋಲ್ ಹಿಡಿದು ಡಿ ಒತ್ತಿ. ಅಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಬೇರೆ ಜಾಗ ಇದೆ. ಕನ್ನಡದ ಫಾಂಟ್ ಮತ್ತು ಸೈಜ್ ಅಲ್ಲಿ ಆರಿಸಬೇಕು. ಫೈಲನ್ನು ಬೇರೆಯವರಿಗೆ ತಿದ್ದಲು ಕಳಿಸುವುದಿದ್ದರೆ ಫೈಲ್, ಆಪ್ಷನ್ಸ್, ಸೇವ್ ಒಳಗೆ 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಟಿಕ್ ಮಾಡಿ.

ಅಚ್ಚುಮೊಳೆ

ಅಚ್ಚು ಹಾಕಿಸುವ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಮುದ್ರಣದ ಕೆಲಸದಲ್ಲಿರುವವನು ನಾನು. ವರ್ಡ್‌ನಿಂದ ಬಂದ ಪಿಡಿಎಫ್‌ಗಳಲ್ಲಿ ನಾನು ನೋಡುವ ದೊಡ್ಡ ತೊಂದರೆ ಮಸುಕು ಫೋಟೋ.

ಲೆಕ್ಕ ಸುಲಭ. ಒಳ್ಳೆಯ ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. 4×6 ಇಂಚಿನ ಫೋಟೋ ಅಂದರೆ 1200×1800 ಪಿಕ್ಸೆಲ್. 12 ಇಂಚಿನ ಚೌಕ ಪುಟ ಪೂರ್ತಿ ತುಂಬುವ ಚಿತ್ರ ಅಂದರೆ 3600×3600. 200ಕ್ಕೆ ಇಳಿದರೂ ನಡೆಯುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಕಣ್ಣಿಗೆ ಗೊತ್ತಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗಿರುತ್ತದೆ. ಮನೆಯವರಿಂದ ಫೋಟೋ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ.

ವರ್ಡ್ ಕೂಡ ಸೇವ್ ಮಾಡುವಾಗ ಫೋಟೋಗಳನ್ನು ಕುಗ್ಗಿಸುತ್ತದೆ. ಫೋಟೋ ಹಾಕುವ ಮುಂಚೆಯೇ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ನಲ್ಲಿ 'ಇಮೇಜ್ ಸೈಜ್ ಅಂಡ್ ಕ್ವಾಲಿಟಿ' ಹುಡುಕಿ 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಟಿಕ್ ಮಾಡಿ. ಇದು ಆ ಒಂದು ಫೈಲ್‌ಗೆ ಮಾತ್ರ ಅನ್ವಯಿಸುತ್ತದೆ, ಪ್ರತಿ ಅಧ್ಯಾಯದ ಫೈಲ್‌ಗೂ ಬೇರೆಯಾಗಿ ಮಾಡಬೇಕು. ಪಿಡಿಎಫ್ ಸೇವ್ ಮಾಡುವಾಗ 'ಮಿನಿಮಮ್ ಸೈಜ್' ಬೇಡ, 'ಸ್ಟ್ಯಾಂಡರ್ಡ್' ಆರಿಸಿ.

ಪುಟದ ಅಳತೆಯನ್ನು ಮೊದಲ ದಿನವೇ ನಿರ್ಧರಿಸಿ. ಎ4 ಸುಲಭ, ಎಲ್ಲ ಕಡೆ ಪ್ರಿಂಟ್ ಆಗುತ್ತದೆ. ಚೌಕ ಬೇಕಿದ್ದರೆ 8×8 ಅಥವಾ 12×12 ಇಂಚು. ವರ್ಡ್ 22 ಇಂಚಿನವರೆಗೆ ಬಿಡುತ್ತದೆ. ಬರೆದು ಜೋಡಿಸಿದ ಮೇಲೆ ಅಳತೆ ಬದಲಾಯಿಸಿದರೆ ಎಲ್ಲ ಪುಟ ಮತ್ತೆ ಮಾಡಬೇಕು.

ಬಣ್ಣ ಅಂಚಿನವರೆಗೂ ಬರಬೇಕಾದರೆ ಮುದ್ರಣದವರು ಸುತ್ತ 3 ಮಿಲಿಮೀಟರ್ ಜಾಸ್ತಿ ಕೇಳುತ್ತಾರೆ. ಅದು ಕತ್ತರಿಸಿಹೋಗುವ ಭಾಗ. ವರ್ಡ್‌ನಲ್ಲಿ ಅದಕ್ಕೆ ಬೇರೆ ಸೆಟ್ಟಿಂಗ್ ಇಲ್ಲ, ಪುಟವನ್ನೇ ಉದ್ದಗಲ ಎರಡರಲ್ಲೂ 6 ಮಿಲಿಮೀಟರ್ ದೊಡ್ಡದು ಮಾಡಿಕೊಳ್ಳಬೇಕು. ಎ4 ಆದರೆ 216×303. ಬರಹ, ಮುಖಗಳು ಅಂಚಿನಿಂದ ಒಳಗಿರಲಿ. ಹೊಲಿಗೆ ಅಥವಾ ಅಂಟು ಬರುವ ಕಡೆಗೆ 'ಮಿರರ್ ಮಾರ್ಜಿನ್ಸ್' ಜೊತೆ ಗಟರ್, ಅಂದರೆ ಹೆಚ್ಚಿನ ಅಂಚು, ಕೊಡಿ, ಇಲ್ಲದಿದ್ದರೆ ಸಾಲಿನ ಮೊದಲ ಅಕ್ಷರಗಳು ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತವೆ. ಮಧ್ಯ ಪಿನ್ ಹೊಡೆಯುವ ಪುಸ್ತಕವಾದರೆ ಒಟ್ಟು ಪುಟ 4ರಿಂದ ಭಾಗವಾಗಬೇಕು.

ಇನ್ನೊಂದು ಮಾತು. ಸ್ಕ್ರೀನ್ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಕಾಗದ ಶಾಯಿಯಿಂದ. ಎದ್ದು ಹೊಡೆಯುವ ನೀಲಿ, ಹಸಿರು ಕಾಗದದ ಮೇಲೆ ಮಂಕಾಗುತ್ತವೆ. ಪೂರ್ತಿ ಅಚ್ಚು ಹಾಕಿಸುವ ಮುಂಚೆ ಒಂದೇ ಒಂದು ಪುಟ ಪ್ರಿಂಟ್ ಹಾಕಿಸಿ ನೋಡಿ.

ದಾಖಲೆಪೆಟ್ಟಿಗೆ

ಮೂಲ ಕಾಗದಗಳ ಸ್ಕ್ಯಾನ್ ಬಗ್ಗೆ ಯಾರೂ ಹೇಳಿಲ್ಲ. ಕಾಗದಗಳನ್ನು ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ. ಬಣ್ಣದಲ್ಲೇ ಮಾಡಿ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಸಾಕು. ಶಾಯಿಯ ಬಣ್ಣ, ಕಾಗದ ಹಳದಿಯಾದದ್ದು, ಮಡಚಿದ ಗುರುತು, ಎಲ್ಲವೂ ಆ ಕಾಗದದ ಭಾಗವೇ. ತೆಳ್ಳನೆ ಕಾಗದದಲ್ಲಿ ಹಿಂಬದಿಯ ಬರಹ ಕಾಣಿಸಿದರೆ ಹಿಂದೆ ಒಂದು ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿ. ಹಿಂದಿನ ಅಕ್ಷರಗಳು ತುಂಬಾ ಮಟ್ಟಿಗೆ ಮರೆಯಾಗುತ್ತವೆ. ಅಂಗೈಯಗಲದ ಚಿಕ್ಕ ಫೋಟೋಗಳನ್ನು 600 ಡಿಪಿಐನಲ್ಲಿ ಮಾಡಿದರೆ ಎರಡರಷ್ಟು ದೊಡ್ಡದು ಮಾಡಿ ಹಾಕಬಹುದು. ಫೋಟೋ ಹಿಂದೆ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದೇ ಹೆಸರಿಗೆ 'ಹಿಂಬದಿ' ಅಂತ ಸೇರಿಸಿ ಇಡಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ, ಫೋನನ್ನು ಕಾಗದಕ್ಕೆ ಸಮನಾಗಿ ಹಿಡಿದು ತೆಗೆಯಿರಿ.

ಫೈಲುಗಳ ಹೆಸರು ವರ್ಷದಿಂದ ಶುರುವಾಗಲಿ. '1968-05-ಅಜ್ಜಿ-ಕಾಗದ' ಅಂತ ಇಟ್ಟರೆ ಫೋಲ್ಡರ್‌ನಲ್ಲಿ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಸ್ಕ್ಯಾನ್ ಮಾಡಿದ ಫೋಟೋದ ಒಳಗಿನ ದಿನಾಂಕ ಸ್ಕ್ಯಾನ್ ಆದ ದಿನದ್ದು, ಅದನ್ನು ನಂಬಲು ಬರುವುದಿಲ್ಲ.

ಈಗ ಎಲ್ಲರೂ ತಿಳಿದಿರಬೇಕಾದ ಒಂದು ವಿಷಯ. ಡಾಕ್ಸ್ ಫೈಲ್ ಅನ್ನುವುದು ನಿಜಕ್ಕೂ ಒಂದು ಜಿಪ್ ಫೈಲ್. ಒಂದು ನಕಲು ಮಾಡಿಕೊಂಡು ಅದರ ಕೊನೆಯ 'ಡಾಕ್ಸ್' ತೆಗೆದು 'ಜಿಪ್' ಅಂತ ಮಾಡಿ ತೆರೆಯಿರಿ. ಒಳಗೆ 'ವರ್ಡ್' ಫೋಲ್ಡರ್, ಅದರೊಳಗೆ 'ಮೀಡಿಯಾ' ಫೋಲ್ಡರ್. ನೀವು ಹಾಕಿದ ಫೋಟೋಗಳೆಲ್ಲ ಅಲ್ಲಿರುತ್ತವೆ. ಒಡಿಟಿಯಲ್ಲಿ ಆ ಫೋಲ್ಡರ್ ಹೆಸರು 'ಪಿಕ್ಚರ್ಸ್'. ಮೂಲ ಫೋಟೋ ಕಳೆದುಹೋಗಿ ಸ್ಕ್ರ್ಯಾಪ್‌ಬುಕ್ ಮಾತ್ರ ಉಳಿದಿದ್ದರೆ ಇಲ್ಲಿಂದ ತೆಗೆಯಬಹುದು.

ಅದೇ ಕಾರಣಕ್ಕೆ ಒಂದು ಎಚ್ಚರಿಕೆಯೂ ಇದೆ. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗ ಅಳಿಸುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ಫೋಟೋದಲ್ಲಿ ಯಾರನ್ನೋ ತೋರಿಸಬಾರದು ಅಂತ ಕತ್ತರಿಸಿದ್ದರೆ, ಡಾಕ್ಸ್ ಸಿಕ್ಕವರು ಕ್ರಾಪ್ ಬಟನ್ ಒತ್ತಿ ಅವರನ್ನು ಮತ್ತೆ ನೋಡಬಹುದು. 'ಕಂಪ್ರೆಸ್ ಪಿಕ್ಚರ್ಸ್' ತೆರೆದು 'ಡಿಲೀಟ್ ಕ್ರಾಪ್ಡ್ ಏರಿಯಾಸ್' ಮಾತ್ರ ಆರಿಸಿ, ರೆಸೊಲ್ಯೂಷನ್ ಇಳಿಸಬೇಡಿ. ಇನ್ನೂ ಒಳ್ಳೆಯದೆಂದರೆ ಅಂಥ ಫೋಟೋವನ್ನು ಹೊರಗೇ ಕತ್ತರಿಸಿ ಆಮೇಲೆ ತನ್ನಿ. ಫೋನಿನಲ್ಲಿ ತೆಗೆದ ಫೋಟೋ ಒಳಗೆ ಜಾಗದ ಮಾಹಿತಿಯೂ ಉಳಿದಿರಬಹುದು.

ಉಳಿಸಿಡಲು ಡಾಕ್ಸ್ ಒಂದನ್ನೇ ನಂಬಬೇಡಿ. ಪಿಡಿಎಫ್/ಎ ಅಂತ ಒಂದು ಬಗೆ ಇದೆ, 2005ರಲ್ಲಿ ಐಎಸ್‌ಒ ಮಾನದಂಡವಾಯಿತು. ಫಾಂಟ್‌ಗಳೂ ಅದರೊಳಗೇ ಇರುವುದರಿಂದ ಬಹಳ ವರ್ಷದ ಮೇಲೂ ಹಾಗೇ ತೆರೆಯುತ್ತದೆ. ವರ್ಡ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಪಿಡಿಎಫ್ ಆಪ್ಷನ್ಸ್ ಒಳಗೆ ಅದರ ಟಿಕ್ ಸಿಗುತ್ತದೆ. ಮೂಲ ಸ್ಕ್ಯಾನ್‌ಗಳು, ತಿದ್ದುವ ಫೈಲ್, ಪಿಡಿಎಫ್/ಎ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು, ಮೂರು ಪ್ರತಿ ಮಾಡಿ. ಒಂದಾದರೂ ಬೇರೆ ಮನೆಯಲ್ಲಿರಲಿ.

ಬಣ್ಣದಕಾಗದ

ಕ್ರಾಪ್ ವಿಷಯ ತುಂಬಾ ಉಪಯೋಗವಾಯಿತು, ದಾಖಲೆಪೆಟ್ಟಿಗೆ ಅವರೇ.

ಹಳೇಪತ್ರ ಅವರಿಗೆ ಇನ್ನೆರಡು ಸಣ್ಣ ಮಾತು. ಹೂವು, ಟೇಪು, ಗುಂಡಿಯಂಥ ಚಿತ್ರಗಳು ಪಿಎನ್‌ಜಿ ಆಗಿರಲಿ, ಜೆಪಿಜಿಯಲ್ಲಿ ಹಿನ್ನೆಲೆ ಪಾರದರ್ಶಕವಾಗಿ ಇರುವುದಿಲ್ಲ, ಸುತ್ತ ಬಿಳಿ ಪೆಟ್ಟಿಗೆ ಬರುತ್ತದೆ. ಫೋಟೋ ಬದಲಾಯಿಸಬೇಕಾದಾಗ ಅಳಿಸಿ ಹೊಸದು ಹಾಕಬೇಡಿ. ರೈಟ್ ಕ್ಲಿಕ್ ಮಾಡಿ 'ಚೇಂಜ್ ಪಿಕ್ಚರ್' ಕೊಡಿ. ಜಾಗ, ಅಂಚು, ನೆರಳು ಹಾಗೇ ಉಳಿಯುತ್ತವೆ. ನಿಮಗೆ ಒಪ್ಪಿದ ಒಂದು ಪುಟ ಸಿಕ್ಕರೆ ಅದನ್ನು ಟೆಂಪ್ಲೇಟ್ ಆಗಿ ಸೇವ್ ಮಾಡಿಟ್ಟುಕೊಳ್ಳಿ, ಮುಂದಿನ ಅಧ್ಯಾಯ ಅಲ್ಲಿಂದ ಶುರು ಮಾಡಬಹುದು.

ಹಳೇಪತ್ರ

ಲೈನ್ ಸ್ಪೇಸಿಂಗ್ ಬದಲಾಯಿಸಿದೆ. ಫೋಟೋ ಪೂರ್ತಿ ಬಂತು, 'ಅಮ್ಮ'ದ ಒತ್ತೂ ಬಂತು. ಎ4 ಅಳತೆಗೆ 216×303 ಇಟ್ಟು, ಗೆರೆ ಇಲ್ಲದ ಟೇಬಲ್‌ನಲ್ಲಿ ಮೊದಲ ಅಧ್ಯಾಯ ಕಟ್ಟಿದ್ದೇನೆ. ಶೀರ್ಷಿಕೆ ಪುಟದಲ್ಲಿ ಮಾತ್ರ ಮೂರು ಫೋಟೋ ಓರೆಯಾಗಿ ಒಂದರ ಮೇಲೊಂದು.

ಒಂದು ಉಳಿದಿದೆ. ಅಜ್ಜಿಯ ಕೈಬರಹದ ಕಾಗದದ ಚಿತ್ರ ಹಾಕಿದ್ದೇನೆ. ಅದರ ಕೆಳಗೆ ಅದನ್ನೇ ಟೈಪ್ ಮಾಡಿಯೂ ಹಾಕಬೇಕಾ? ಹಾಕಿದರೆ ಪುಟ ತುಂಬಿಹೋಗುತ್ತದೆ.

ಚೌಕಟ್ಟು

ಹಾಕಲೇಬೇಕು. ಕೈಬರಹ ಓದುವ ಅಭ್ಯಾಸ ಮನೆಯ ಮಕ್ಕಳಿಗೆ ಇರುವುದಿಲ್ಲ. ಚಿತ್ರದೊಳಗಿನ ಪದಗಳನ್ನು ಹುಡುಕಲೂ ಆಗುವುದಿಲ್ಲ. ಎದುರುಬದುರು ಪುಟ ಮಾಡಿ: ಎಡಪುಟದಲ್ಲಿ ಕಾಗದದ ಚಿತ್ರ, ಬಲಪುಟದಲ್ಲಿ ಟೈಪ್ ಮಾಡಿದ್ದು. ಅವರು ಬರೆದ ಹಾಗೇ ಟೈಪ್ ಮಾಡಿ, ಕಾಗುಣಿತ ತಿದ್ದಬೇಡಿ. ಓದಲು ಆಗದ ಪದಕ್ಕೆ ಚೌಕದ ಕಂಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅರ್ಥ ಹೇಳಬೇಕಾದ ಕಡೆ ಅಡಿಟಿಪ್ಪಣಿ ಕೊಡಿ, ಇನ್ಸರ್ಟ್ ಫುಟ್‌ನೋಟ್. ಟೆಕ್ಸ್ಟ್ ಬಾಕ್ಸ್ ಒಳಗೆ ಫುಟ್‌ನೋಟ್ ಬರುವುದಿಲ್ಲ, ಹಾಗಾಗಿ ಬಲಪುಟದ ಬರಹ ಬಾಕ್ಸ್‌ನಲ್ಲಿ ಬೇಡ, ಮಾಮೂಲು ಪ್ಯಾರಾ ಆಗಿಯೇ ಇರಲಿ.

ದಾಖಲೆಪೆಟ್ಟಿಗೆ

ಕಾಗದದ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಆಲ್ಟ್ ಟೆಕ್ಸ್ಟ್‌ನಲ್ಲೂ ಒಂದು ಸಾಲು ಬರೆದುಬಿಡಿ: ಯಾರು ಯಾರಿಗೆ ಬರೆದದ್ದು, ಯಾವ ವರ್ಷ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವಾಗ ಆ ಸಾಲೇ ಅವರಿಗೆ ಸಿಗುವುದು. ಓದಲು ಆಗದ ಪದಗಳ ಜಾಗವನ್ನು ದೊಡ್ಡದು ಮಾಡಿ ಬೇರೆ ಚಿತ್ರವಾಗಿ ಮನೆಯ ಹಿರಿಯರಿಗೆ ಕಳಿಸಿ ಕೇಳಿ. ಅಚ್ಚಿಗೆ ಕೊಡುವ ಮುಂಚೆ ಕೇಳಿ.